ಅಲ್ತಾಯಿ ಜನರ ಕಡೆಗಾಲದ ಕಥೆಗಳು

ಲೋಕಕ್ಕೆ ಒಂದು ಕೊನೆಯುಂಟೆಂಬ ನಂಬಿಕೆ ಬಹು ಜನಾಂಗಗಳಲ್ಲಿ ಕಂಡುಬರುತ್ತದೆ. ಆದರೆ ಅದನ್ನು ಬರೆದಿಟ್ಟ ಶಾಸ್ತ್ರಗ್ರಂಥವಿಲ್ಲದ ಕಡೆ ಆ ನಂಬಿಕೆ ತಲೆಮಾರಿನಿಂದ ತಲೆಮಾರಿಗೆ ಹೇಗೆ ಇಳಿದುಬಂದೀತು? ಇದನ್ನು ತಿಳಿಯಲು ದಕ್ಷಿಣ ಸೈಬೀರಿಯದ ಅಲ್ತಾಯಿ ಪರ್ವತಗಳ ಕಡೆಗೆ ನೋಡಬೇಕು.

ಅಲ್ಲಿಯ ಜನರು ತುರ್ಕಿ ವರ್ಗದ ಭಾಷೆಯನ್ನಾಡುವವರು. ಬಹುಕಾಲ ಪಶುಪಾಲನೆಯಿಂದಲೂ ಬೇಟೆಯಿಂದಲೂ ಬಾಳಿದವರು. ಅವರಲ್ಲಿ ವೀರಕಥೆಗಳನ್ನು ಹಾಡುವವನಿಗೆ ‘ಕಾಯ್ಚಿ’ ಎಂದು ಹೆಸರು. ಎರಡು ತಂತಿಗಳ ‘ತೊಪ್‌ಶೂರ್’ ವಾದ್ಯವನ್ನು ಮೀಟುತ್ತ, ಗಂಟಲಿನ ಆಳದಿಂದ ಹೊರಡುವ ಗಂಭೀರಸ್ವರದಲ್ಲಿ ಆತನು ಹಾಡುವನು. ಅಲೆಕ್ಸೇಯ್ ಕಾಲ್ಕಿನ್ (1925–1998) ಎಂಬ ಪ್ರಸಿದ್ಧ ಕಾಯ್ಚಿಯ ಬಾಯಿಂದ ಸಂಗ್ರಹಿಸಿದ ‘ಮಾದಾಯ್-ಕಾರಾ’ ಎಂಬ ಕಾವ್ಯದಲ್ಲಿ 7,000ಕ್ಕೂ ಮಿಕ್ಕ ಪಂಕ್ತಿಗಳಿವೆ. ಇಷ್ಟು ದೊಡ್ಡ ಕಾವ್ಯವನ್ನು ನೆನಪಿನಲ್ಲಿ ಹೊತ್ತ ಜನರಿಗೆ ಭವಿಷ್ಯದ ಕಥೆಯನ್ನು ಹೊರುವುದು ಭಾರವಲ್ಲ.

ಕಡೆಗಾಲವನ್ನು ಅವರು ‘ಕಲ್ಗಾಂಚಿ ಚಾಕ್’ ಎನ್ನುವರು. ವಿಲ್‌ಹೆಲ್ಮ್ ರಾದ್ಲೋಫ್ ಎಂಬ ವಿದ್ವಾಂಸನು 1866ರಲ್ಲಿ ಅಚ್ಚುಮಾಡಿಸಿದ ಸಂಗ್ರಹದಲ್ಲಿ ಅದರ ವರ್ಣನೆಯುಂಟು. ಆಗ ಆಕಾಶವು ಕಬ್ಬಿಣವಾಗುವುದಂತೆ, ಭೂಮಿಯು ತಾಮ್ರವಾಗುವುದಂತೆ. ತಂದೆಗೆ ಮಗನ ಗುರುತು ಇರದಂತೆ. ಚಿನ್ನದ ಗಟ್ಟಿಗೆ ಒಂದು ಬಟ್ಟಲು ಆಹಾರದ ಬೆಲೆಯೂ ಬಾರದಂತೆ. ಪಾತಾಳದ ಒಡೆಯನಾದ ಎರ್ಲಿಕನೊಡನೆ ನಡೆಯುವ ಯುದ್ಧದಲ್ಲಿ ‘ಮಾಯ್-ತೆರೆ’ ಎಂಬಾತನ ರಕ್ತದಿಂದ ಭೂಮಿ ಹೊತ್ತಿ ಉರಿಯುವುದಂತೆ. ಈ ಮಾಯ್-ತೆರೆ ಬೇರೆ ಯಾರೂ ಅಲ್ಲ, ಮಂಗೋಲರ ಬೌದ್ಧಮತದ ಮೂಲಕ ಆ ಬೆಟ್ಟಗಳನ್ನು ಸೇರಿದ ನಮ್ಮ ಮೈತ್ರೇಯನೇ!

ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ಬೆಂಕಿಗಿಂತ ಮೊದಲು ಕೆಡುವುದು ಮನೆತನದ ಸಂಬಂಧ. ಆದುದರಿಂದ ಕೇಳುವವನು ಪ್ರಳಯಕ್ಕೆ ಬೆದರುವುದಷ್ಟೇ ಅಲ್ಲ, ತನ್ನ ನಡತೆಯನ್ನೂ ತೂಗಿನೋಡಬೇಕಾಗುತ್ತದೆ.

ಇಂಥ ಕಥೆಗಳು ಚರಿತ್ರೆಯನ್ನೂ ನಡೆಸಬಲ್ಲವು. ಓಯ್ರಾತರ ಜುಂಗಾರ್ ರಾಜ್ಯವು ಅಳಿಯುತ್ತಿದ್ದಾಗ, 1756ರಲ್ಲಿ, ಅಲ್ತಾಯಿಯರು ರಷ್ಯಕ್ಕೆ ಅಧೀನರಾದರು. ಹೋದ ‘ಓಯ್ರೋತ್ ಖಾನ್’ ಮರಳಿ ಬರುವನೆಂಬ ಮಾತು ಮಾತ್ರ ಅಳಿಯಲಿಲ್ಲ. ವಲಸೆಗಾರರು ಹುಲ್ಲುಗಾವಲುಗಳನ್ನು ಆಕ್ರಮಿಸುತ್ತಿದ್ದ ಕಾಲದಲ್ಲಿ, 1904ರಲ್ಲಿ, ಬಿಳಿಯ ಕುದುರೆಯನ್ನೇರಿದ ಸವಾರನು ಆ ಖಾನನ ಆಗಮನವನ್ನು ಸಾರಿದನೆಂಬ ಸುದ್ದಿಯನ್ನು ಚೇತ್ ಚೆಲ್ಪಾನೊಫ್ ಎಂಬುವನೂ ಅವನ ಸಾಕುಮಗಳೂ ಹರಡಿದರು. ಸಾವಿರಾರು ಜನರು ಪ್ರಾರ್ಥನೆಗೆ ನೆರೆದರು. ಅವರನ್ನು ಬಲಪ್ರಯೋಗದಿಂದ ಚದರಿಸಲಾಯಿತು. 1906ರಲ್ಲಿ ನ್ಯಾಯಾಲಯವು ಚೇತನನ್ನು ಬಿಡುಗಡೆ ಮಾಡಿತು.

ಈ ವಾಡಿಕೆ ಈಗಲೂ ನಿಂತಿಲ್ಲ. 1993ರಲ್ಲಿ ಉಕೋಕ್ ಪ್ರಸ್ಥಭೂಮಿಯ ಸಮಾಧಿಯಿಂದ ಪ್ರಾಚೀನ ಸ್ತ್ರೀಯೊಬ್ಬಳ ದೇಹವನ್ನು ತೆಗೆದೊಯ್ದರು. 2003ರ ಭೂಕಂಪವು ಅದರ ಫಲವೆಂದು ಅನೇಕರು ನಂಬಿದರು. 2012ರಲ್ಲಿ ದೇಹವು ಅಲ್ತಾಯಿಗೆ ಮರಳಿತು. ಭೂಕಂಪದ ಕಾರಣವನ್ನು ವಿಜ್ಞಾನ ಹೇಳೀತು. ಆದರೆ ಕಳೆದುಕೊಂಡವರ ನೋವನ್ನು ಹೇಳಲು ಕಥೆಯೇ ಬೇಕು.