ಒಣಗಣ್ಣಿಗೆ ಗುಳಿಗೆ: ಹಿತವೆಷ್ಟು, ಮಿತವೆಷ್ಟು?

ಕಣ್ಣಿನಿಂದ ನೀರು ಸುರಿಯುತ್ತಿರುವಾಗಲೇ ವೈದ್ಯರು ‘ನಿಮ್ಮ ಕಣ್ಣು ಒಣಗಿದೆ’ ಎಂದರೆ ಯಾರಿಗಾದರೂ ಅಚ್ಚರಿಯಾಗುವುದು ಸಹಜ. ಆದರೆ ಆ ಮಾತು ಸತ್ಯವಾದುದು. ಕಣ್ಣೀರು ಬರಿಯ ನೀರಲ್ಲ. ಅದರ ಮೇಲೆ ಎಣ್ಣೆಯ ತೆಳುಪದರವೊಂದು ಹರಡಿಕೊಂಡು, ನೀರು ಬೇಗನೆ ಆರದಂತೆ ಕಾಯುತ್ತದೆ. ಈ ಎಣ್ಣೆಯನ್ನು ಒದಗಿಸುವ ಕಾಯಕ ರೆಪ್ಪೆಗಳಲ್ಲಿ ಸಾಲುಗೊಂಡಿರುವ ಸೂಕ್ಷ್ಮ ಗ್ರಂಥಿಗಳದು. 1666ರಲ್ಲಿ ಇವುಗಳನ್ನು ವಿವರಿಸಿದ ಜರ್ಮನಿಯ ವೈದ್ಯ ಹೈನ್ರಿಖ್ ಮೈಬೋಮನ ಹೆಸರಿನಿಂದ ಇವು ಮೈಬೋಮಿಯನ್ ಗ್ರಂಥಿಗಳೆನಿಸಿವೆ.

ಗ್ರಂಥಿಯ ಎಣ್ಣೆ ಗಟ್ಟಿಯಾಗಿ ಅದರ ಬಾಯಿ ಕಟ್ಟಿಕೊಂಡರೆ ಕಣ್ಣೀರು ಬೇಗ ಆರುತ್ತದೆ. ಉರಿ, ಮರಳು ಬಿದ್ದಂತಹ ಕಿರಿಕಿರಿ, ಓದುವಾಗ ಅಕ್ಷರ ಮಸುಕಾಗುವುದು ಇವು ಅದರ ಲಕ್ಷಣಗಳು. ಕೆರಳಿದ ಕಣ್ಣು ತನ್ನ ರಕ್ಷಣೆಗಾಗಿ ಮತ್ತೆ ಮತ್ತೆ ನೀರು ಸುರಿಸುತ್ತದೆ.

ಇದಕ್ಕೆ ಮೊದಲ ಉಪಚಾರ ಮನೆಯಲ್ಲಿಯೇ ಉಂಟು. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಶುಭ್ರವಾದ ಬಟ್ಟೆಯನ್ನು, ಸುಡದಷ್ಟು ಬೆಚ್ಚಗಿರುವಾಗ, ಮುಚ್ಚಿದ ರೆಪ್ಪೆಗಳ ಮೇಲೆ ಕೆಲವು ನಿಮಿಷ ಇಟ್ಟುಕೊಳ್ಳುವುದು. ಬಳಿಕ ರೆಪ್ಪೆಯನ್ನು ಮೆಲ್ಲನೆ ನೀವಿ, ಅಂಚನ್ನು ಶುಚಿಗೊಳಿಸುವುದು. ಇಷ್ಟರಿಂದ ಗುಣ ಕಾಣದಿದ್ದಾಗ ಕೆಲವು ವೈದ್ಯರು ಡಾಕ್ಸಿಸೈಕ್ಲಿನ್ ಅಥವಾ ಅಜಿಥ್ರೋಮೈಸಿನ್ ಎಂಬ ಆಂಟಿಬಯಾಟಿಕ್ ಗುಳಿಗೆಗಳನ್ನು ಬರೆದುಕೊಡುತ್ತಾರೆ.

ಡಾಕ್ಸಿಸೈಕ್ಲಿನ್ ಟೆಟ್ರಾಸೈಕ್ಲಿನ್ ವಂಶಕ್ಕೆ ಸೇರಿದುದು. ಆ ವಂಶದ ಮೊದಲ ಔಷಧವಾದ ಆರಿಯೋಮೈಸಿನ್ 1948ರಲ್ಲಿ ಪ್ರಕಟಗೊಂಡಿತು. ಅದನ್ನು ಕಂಡುಹಿಡಿದವರು ಅಮೆರಿಕದ ಲೆಡರ್ಲೆ ಸಂಸ್ಥೆಯ ಬೆಂಜಮಿನ್ ಡಗ್ಗರ್. ಅಲ್ಲಿನ ಸಂಶೋಧನೆಯ ನೇತೃತ್ವ ನಮ್ಮ ದೇಶದ ಯಲ್ಲಾಪ್ರಗಡ ಸುಬ್ಬರಾಯರದಾಗಿತ್ತೆಂಬುದು ನಮಗೆ ಅಭಿಮಾನದ ವಿಷಯ.

ರೆಪ್ಪೆಯ ಬೇನೆಯಲ್ಲಿ ಈ ಔಷಧದ ಮುಖ್ಯ ಉದ್ದೇಶ ಕ್ರಿಮಿನಾಶವೊಂದೇ ಅಲ್ಲ. ಅದು ಉರಿಯೂತವನ್ನು ತಗ್ಗಿಸುತ್ತದೆ. ಎಣ್ಣೆಯನ್ನು ಕೆಡಿಸುವ ಸೂಕ್ಷ್ಮಜೀವಿಗಳ ಕಿಣ್ವವನ್ನೂ ತಡೆಯುತ್ತದೆ. ಆದುದರಿಂದಲೇ ಇದನ್ನು ಕಡಿಮೆ ಪ್ರಮಾಣದಲ್ಲಿ, ಹಲವು ವಾರಗಳ ಕಾಲ ಕೊಡುವುದುಂಟು. ಅಜಿಥ್ರೋಮೈಸಿನ್ನನ್ನು ಕೆಲವೇ ದಿನ ಕೊಡುತ್ತಾರೆ. ಹಲವರಿಗೆ ಇದರಿಂದ ಹಿತವಾಗಿರುವುದು ನಿಜವಾದರೂ, ಅಮೆರಿಕದ ನೇತ್ರವೈದ್ಯರ ಅಕಾಡೆಮಿಯು 2016ರಲ್ಲಿ ಅಧ್ಯಯನಗಳನ್ನು ಪರಿಶೀಲಿಸಿ, ಈ ಚಿಕಿತ್ಸೆಗೆ ಉನ್ನತ ಮಟ್ಟದ ಆಧಾರ ದೊರೆತಿಲ್ಲವೆಂದು ಹೇಳಿತು. ಆದಕಾರಣ ಗುಳಿಗೆಯನ್ನು ಸಹಾಯಕವೆಂದು ಎಣಿಸಬೇಕೇ ಹೊರತು ಸರ್ವರೋಗಹರವೆಂದಲ್ಲ.

ಗರ್ಭಿಣಿಯರಿಗೂ ಎಳೆಯ ಮಕ್ಕಳಿಗೂ ಡಾಕ್ಸಿಸೈಕ್ಲಿನ್ ಸಾಮಾನ್ಯವಾಗಿ ಸಲ್ಲದು. ಅದು ಬೆಳೆಯುವ ಹಲ್ಲುಗಳ ಬಣ್ಣ ಕೆಡಿಸಬಲ್ಲುದು. ಕಬ್ಬಿಣ, ಸುಣ್ಣದ ಅಂಶವುಳ್ಳ ಗುಳಿಗೆಗಳೊಡನೆ ಅದನ್ನು ಸೇವಿಸಬಾರದು. ತುಂಬ ಲೋಟ ನೀರಿನೊಡನೆ ನುಂಗಿ, ಕೂಡಲೇ ಮಲಗದಿರಬೇಕು. ಬಿಸಿಲಿಗೆ ಚರ್ಮ ಬೇಗ ಕಂದುವುದರಿಂದ ಎಚ್ಚರವಿರಲಿ. ಹೃದಯದ ಬಡಿತದಲ್ಲಿ ದೋಷವಿರುವವರು ಅಜಿಥ್ರೋಮೈಸಿನ್ ಸೇವಿಸುವ ಮುನ್ನ ಆ ಸಂಗತಿಯನ್ನು ವೈದ್ಯರಿಗೆ ತಿಳಿಸತಕ್ಕದ್ದು.

ನೆರೆಮನೆಯವರಿಗೆ ಗುಣವಾಯಿತೆಂದು ಅಂಗಡಿಯಿಂದ ಇವನ್ನು ಕೊಂಡು ನುಂಗುವುದು ಸರಿಯಲ್ಲ. ಅನಗತ್ಯ ಬಳಕೆಯಿಂದ ಕ್ರಿಮಿಗಳು ಔಷಧಕ್ಕೆ ಮಣಿಯದಂತಾಗುತ್ತವೆ. ಮುಂದೆ ಪ್ರಾಣ ಉಳಿಸಬೇಕಾದ ಹೊತ್ತಿನಲ್ಲಿ ಅದೇ ಔಷಧ ನಿಷ್ಫಲವಾದೀತು. ಕಣ್ಣಿನಲ್ಲಿ ತೀವ್ರ ನೋವು, ಬೆಳಕನ್ನು ಸಹಿಸದಿರುವಿಕೆ, ಹಠಾತ್ ದೃಷ್ಟಿಮಾಂದ್ಯ ಕಂಡರೆ ತಡಮಾಡದೆ ನೇತ್ರವೈದ್ಯರಲ್ಲಿಗೆ ಹೋಗಬೇಕು. ಗುಳಿಗೆ ಕೆಲವು ವಾರಗಳದು. ರೆಪ್ಪೆಯ ಶುಚಿ ನಿತ್ಯದ್ದು. ಮನೆಯ ಹಿರಿಯರಿಗೆ ಈ ನಿತ್ಯದ ಉಪಚಾರದಲ್ಲಿ ಕಿರಿಯರು ನೆರವಾಗಲೆಂದು ನಾವು ಆಶಿಸುತ್ತೇವೆ.