ನಾಡಿ ಅಡಗಿದ ಕೈ

1908ರಲ್ಲಿ ಜಪಾನಿನ ಫುಕುವೊಕಾ ನಗರದಲ್ಲಿ ನೆರೆದಿದ್ದ ನೇತ್ರವೈದ್ಯರ ಸಭೆಯಲ್ಲಿ, ಕನಜಾವಾದ ಪ್ರಾಧ್ಯಾಪಕ ಮಿಕಿತೊ ತಕಯಾಸು ಎಂಬವರು ತಾವು ಪರೀಕ್ಷಿಸಿದ ಒಬ್ಬ ತರುಣಿಯ ವೃತ್ತಾಂತವನ್ನು ನಿವೇದಿಸಿದರು. ಇಪ್ಪತ್ತರ ಆಸುಪಾಸಿನ ಆ ಹೆಣ್ಣುಮಗಳ ಅಕ್ಷಿಪಟಲದಲ್ಲಿ, ದೃಷ್ಟಿನರವು ಕಣ್ಣನ್ನು ಸೇರುವ ಬಿಲ್ಲೆಯ ಸುತ್ತ, ಸೂಕ್ಷ್ಮ ರಕ್ತನಾಳಗಳು ಒಂದಕ್ಕೊಂದು ಹೆಣೆದುಕೊಂಡು ಹೂಮಾಲೆಯಂತೆ ವರ್ತುಲವಾಗಿ ನಿಂತಿದ್ದುವು. ಇದನ್ನು ಕೇಳಿದ ಸಭಿಕರಲ್ಲಿ ಓನಿಶಿ ಮತ್ತು ಕಾಗೋಶಿಮಾ ಎಂಬ ಇಬ್ಬರು ವೈದ್ಯರು, ತಾವೂ ಇಂತಹ ಕಣ್ಣುಗಳನ್ನು ಕಂಡಿರುವುದಾಗಿಯೂ, ಆ ರೋಗಿಗಳ ಮಣಿಕಟ್ಟಿನಲ್ಲಿ ಮಾತ್ರ ನಾಡಿಯೇ ಸಿಗಲಿಲ್ಲವೆಂದೂ ತಿಳಿಸಿದರು. ಕಣ್ಣಿಗೂ ಮಣಿಕಟ್ಟಿಗೂ ಏನು ನಂಟೆಂಬ ಪ್ರಶ್ನೆಗೆ ಉತ್ತರವಿದ್ದುದು ಎರಡರಿಂದಲೂ ದೂರದಲ್ಲಿ, ಎದೆಯ ಒಳಗೆ. ಹೃದಯದಿಂದ ಹೊರಟ ಮಹಾಪಧಮನಿಯು ಕಮಾನಿನಂತೆ ಬಾಗುವೆಡೆಯಲ್ಲಿಯೇ ತಲೆಗೂ ತೋಳುಗಳಿಗೂ ರಕ್ತವನ್ನೊಯ್ಯುವ ಕವಲುಗಳು ಒಡೆಯುವುವು. ಆ ಕವಲುಗಳು ಬುಡದಲ್ಲಿಯೇ ಇಕ್ಕಟ್ಟಾದುದರಿಂದ ಕೈಯಲ್ಲಿ ನಾಡಿ ಅಡಗಿತು, ರಕ್ತ ಸಾಲದ ಕಣ್ಣು ತನ್ನ ನಾಳಗಳನ್ನು ಹೊಸದಾಗಿ ಹೆಣೆದುಕೊಂಡಿತು.

ಇಂದು ತಕಯಾಸು ವ್ಯಾಧಿಯೆಂದು ಕರೆಯಲ್ಪಡುವ ಈ ವಿರಳ ರೋಗವು ಮಹಾಪಧಮನಿ ಮತ್ತು ಅದರ ಹಿರಿಯ ಶಾಖೆಗಳ ಭಿತ್ತಿಯಲ್ಲಿ ಉಂಟಾಗುವ ಉರಿಯೂತ. ಮುಖ್ಯವಾಗಿ ಸ್ತ್ರೀಯರನ್ನು, ಅದರಲ್ಲಿಯೂ ನಲವತ್ತು ದಾಟದವರನ್ನು, ಇದು ಆರಿಸಿಕೊಳ್ಳುತ್ತದೆ. ಏಕೆಂಬುದು ಇನ್ನೂ ಬಗೆಹರಿದಿಲ್ಲ. ಇದರ ಆರಂಭ ಅತ್ಯಂತ ಸಾಧಾರಣವಾದುದು: ಸಣ್ಣ ಜ್ವರ, ಆಯಾಸ, ಕೀಲುನೋವು, ಕಾರಣವಿಲ್ಲದೆ ಇಳಿಯುವ ದೇಹದ ತೂಕ. ಇಂತಹ ದೂರುಗಳು ನೂರು ಕಾಯಿಲೆಗಳಿಗೆ ಸಮಾನವಾದುವಾದ್ದರಿಂದ, ಅವುಗಳಲ್ಲಿ ರಕ್ತನಾಳದ ಕೂಗನ್ನು ಗುರುತಿಸುವವರು ಅಪರೂಪ. ತಿಂಗಳುಗಳು, ಕೆಲವೊಮ್ಮೆ ವರ್ಷಗಳು ಉರುಳಿದ ಮೇಲೆ, ಊತಗೊಂಡ ಭಿತ್ತಿಯು ಗಾಯದಂತೆ ಮಾಯ್ದು ಗಡುಸಾಗಿ ನಾಳವನ್ನು ಒಳಗಿನಿಂದ ಒತ್ತುತ್ತ ಬರುವಾಗ, ಬಟ್ಟೆ ಒಗೆಯುವ ಕೈ ನಡುವೆಯೇ ಸೋಲುವುದು, ಎದ್ದುನಿಂತರೆ ತಲೆ ತಿರುಗುವುದು, ಎರಡು ತೋಳುಗಳ ರಕ್ತದೊತ್ತಡದಲ್ಲಿ ಅಂತರ ಕಾಣುವುದು. ಆ ಹೊತ್ತಿಗೆ ರೋಗ ತನ್ನ ಕೆಲಸವನ್ನು ಬಹುಮಟ್ಟಿಗೆ ಮುಗಿಸಿರುತ್ತದೆ.

ಜೀವಂತ ದೇಹದ ನಾಳಗಳನ್ನು ಕಾಣಬೇಕೆಂಬ ಹಂಬಲವು ಕ್ಷ-ಕಿರಣದಷ್ಟೇ ಹಳೆಯದು. 1895ರ ಕೊನೆಯಲ್ಲಿ ರಂಟ್‌ಗೆನ್ ತಮ್ಮ ಶೋಧವನ್ನು ಪ್ರಕಟಿಸಿದರು. ಮರುತಿಂಗಳೇ ವಿಯೆನ್ನಾ ನಗರದಲ್ಲಿ ಹಾಷೆಕ್ ಮತ್ತು ಲಿಂಡೆಂಟಾಲ್ ಎಂಬವರು ಪ್ರಾಣವಿಲ್ಲದ ಒಂದು ಕೈಯ ಧಮನಿಗಳಿಗೆ ಸೀಮೆಸುಣ್ಣವೂ ಪಾದರಸದ ಲವಣವೂ ಬೆರೆತ ದ್ರವವನ್ನು ತುಂಬಿ, ಬೆರಳ ತುದಿಯವರೆಗೂ ಕವಲೊಡೆದ ನಾಳಗಳ ನೆರಳನ್ನು ಹಿಡಿದರು. ಜೀವವುಳ್ಳವರಿಗೆ ಅಂತಹ ದ್ರವವನ್ನು ತುಂಬುವಂತಿರಲಿಲ್ಲ. 1927ರಲ್ಲಿ ಲಿಸ್ಬನ್ನಿನ ಎಗಾಸ್ ಮೊನಿಜ್ ಮಿದುಳಿನ ಧಮನಿಗಳನ್ನೂ, ಎರಡು ವರ್ಷಗಳ ತರುವಾಯ ಅದೇ ನಗರದ ದೊಸ್ ಸಾಂತೊಸ್ ಮಹಾಪಧಮನಿಯನ್ನೂ ಜೀವಂತ ರೋಗಿಗಳಲ್ಲಿ ಚಿತ್ರಿಸಿದರು. 1953ರಲ್ಲಿ ಸ್ವೀಡನ್ನಿನ ಸೆಲ್ಡಿಂಗರ್, ಸೂಜಿಯ ಮೂಲಕ ತಂತಿಯನ್ನು ಇಳಿಬಿಟ್ಟು, ಆ ತಂತಿಯ ಮೇಲೆಯೇ ಮೆತುವಾದ ನಳಿಕೆಯನ್ನು ಜಾರಿಸುವ ಸರಳ ಉಪಾಯವನ್ನು ತೋರಿಸಿಕೊಟ್ಟ ಬಳಿಕ, ಆಂಜಿಯೋಗ್ರಾಂ ಎಂಬ ಈ ವಿಧಾನ ಲೋಕದ ಆಸ್ಪತ್ರೆಗಳಲ್ಲೆಲ್ಲ ನೆಲೆಯೂರಿತು. ನಾಡಿಯಿಲ್ಲದ ಕೈಯ ರಹಸ್ಯವನ್ನು ಬಿಡಿಸುವುದಕ್ಕೆ ವೈದ್ಯರು ದಶಕಗಳ ಕಾಲ ಇದನ್ನೇ ನೆಚ್ಚಿದರು.

ಆದರೆ ಆಂಜಿಯೋಗ್ರಾಮಿನಲ್ಲಿ ನಾವು ಕಾಣುವುದು ನಾಳವನ್ನಲ್ಲ, ನಾಳದೊಳಗೆ ಹರಿಯುವ ರಕ್ತದ ನೆರಳನ್ನು. ಕಾಲುವೆಯ ನೀರು ಒಂದೆಡೆ ಕಿರಿದಾಗಿ ಹರಿಯುವುದನ್ನು ಬೆಟ್ಟದ ಮೇಲಿನಿಂದ ಕಂಡವನು, ಅಲ್ಲಿ ದಂಡೆ ಒಳಗೆ ಚಾಚಿದೆಯೆಂದು ಊಹಿಸಬಲ್ಲನೇ ಹೊರತು, ನೀರು ಇನ್ನೂ ಸರಾಗವಾಗಿ ಹರಿಯುತ್ತಿರುವ ಕಡೆ ದಂಡೆಯ ಮಣ್ಣು ಒಳಗೊಳಗೇ ಸಡಿಲವಾಗುತ್ತಿದೆಯೇ ಎಂಬುದನ್ನು ಅರಿಯಲಾರನು. ತಕಯಾಸು ವ್ಯಾಧಿ ದಂಡೆಯ ರೋಗ. ನೀರಿನ ಅಗಲ ಬದಲಾಗುವುದು ಅದರ ಕೊನೆಯ ಅಂಕ. ಔಷಧ ಫಲಿಸಬಹುದಾದ ಮೊದಲ ಅಂಕದಲ್ಲಿ ಆಂಜಿಯೋಗ್ರಾಂ ನಿರ್ದೋಷವಾಗಿ ತೋರುವುದು ಅಸಂಭವವೇನಲ್ಲ.

ಈಚಿನ ದಶಕಗಳ ಚಿತ್ರಣವಿದ್ಯೆ ದಂಡೆಯನ್ನೇ ಕಾಣಿಸಲು ಕಲಿತಿದೆ. ಕಿವಿಗೆ ಕೇಳದ ಧ್ವನಿತರಂಗಗಳನ್ನು ಕತ್ತಿನ ಧಮನಿಯ ಮೇಲೆ ಹಾಯಿಸಿದಾಗ, ರೋಗಗ್ರಸ್ತ ಭಿತ್ತಿಯು ಸುತ್ತಲೂ ಸಮನಾಗಿ ದಪ್ಪಗಾಗಿ ಕಾಣುವುದನ್ನು ವೈದ್ಯರು ಮ್ಯಾಕರೋನಿ ಚಿಹ್ನೆಯೆಂದು ಕರೆಯುತ್ತಾರೆ. ಸಿ.ಟಿ. ಯಂತ್ರವು ಎದೆಯನ್ನೂ ಉದರವನ್ನೂ ತೆಳು ಹೋಳುಗಳಾಗಿ ತೋರಿಸಿ, ಉಬ್ಬಿದ ಭಿತ್ತಿಯನ್ನು ಉಂಗುರದಂತೆ ಎತ್ತಿ ಹಿಡಿಯುತ್ತದೆ. ಎಂ.ಆರ್.ಐ. ಕ್ಷ-ಕಿರಣದ ಹಂಗಿಲ್ಲದೆ ಅದೇ ಕೆಲಸವನ್ನು ಮಾಡುವುದಲ್ಲದೆ, ಭಿತ್ತಿಯಲ್ಲಿ ತುಂಬಿದ ನೀರೂತವನ್ನೂ ಸೂಚಿಸಬಲ್ಲುದು. ವರ್ಷವರ್ಷವೂ ಪರೀಕ್ಷೆಗೆ ಒಳಗಾಗಬೇಕಾದ ಹರೆಯದ ಹೆಣ್ಣುಮಕ್ಕಳಿಗೆ ಕ್ಷ-ಕಿರಣ ಬೇಡದ ಈ ಗುಣ ಅಮೂಲ್ಯವಾದುದು. ಪೆಟ್ ಎಂಬ ವಿಧಾನದಲ್ಲಿಯಾದರೋ, 110 ನಿಮಿಷಗಳಲ್ಲಿ ಅರ್ಧಕ್ಕೆ ಇಳಿಯುವ ವಿಕಿರಣಶೀಲ ಫ್ಲೋರಿನ್ ಬೆಸೆದ ಸಕ್ಕರೆಯನ್ನು ದೇಹಕ್ಕೆ ಕೊಡುತ್ತಾರೆ. ಉರಿಯೂತದ ಕಣಗಳು ಸಕ್ಕರೆಗಾಗಿ ಹಸಿದವು. ಅವು ಅದನ್ನು ಹೀರಿಕೊಳ್ಳಲಾಗಿ, ನೊಂದ ಮಹಾಪಧಮನಿಯು ಚಿತ್ರದಲ್ಲಿ ಬೂದಿಯ ಕೆಳಗಿನ ಕೆಂಡದಂತೆ ಬೆಳಗುತ್ತದೆ.

ಈ ಬದಲಾವಣೆ ವೈದ್ಯಶಾಸ್ತ್ರದ ವಿಧಿಗಳಲ್ಲಿಯೂ ಮೂಡಿದೆ. ಯುರೋಪಿನ ಸಂಧಿವಾತತಜ್ಞರ ಒಕ್ಕೂಟವು 2018ರಲ್ಲಿ, ಈ ವ್ಯಾಧಿಯ ನಿದಾನಕ್ಕೆ ಎಂ.ಆರ್.ಐ. ಮೊದಲ ಚಿತ್ರಣವಾಗಬೇಕೆಂದೂ, ಹಳೆಯ ಆಂಜಿಯೋಗ್ರಾಂ ಆ ಕಾರ್ಯಕ್ಕೆ ಇನ್ನು ಬೇಡವೆಂದೂ ಸಲಹೆಯಿತ್ತಿತು. ಆದರೂ ಚಿತ್ರವನ್ನು ಓದುವುದಕ್ಕೆ ವಿವೇಕ ಬೇಕು. ಕೊಬ್ಬು ಕಟ್ಟಿದ ವೃದ್ಧರ ಧಮನಿಯೂ ಪೆಟ್ ಚಿತ್ರದಲ್ಲಿ ಮಿನುಗಬಹುದು. ಸ್ಟೆರಾಯ್ಡ್ ಆರಂಭಿಸಿದ ಕೆಲವೇ ದಿನಗಳಲ್ಲಿ ನಿಜವಾದ ಕೆಂಡವೂ ಮಂಕಾಗಬಹುದು. ದಪ್ಪಗಾಗಿ ಕಂಡ ಭಿತ್ತಿಯು ಉರಿಯುತ್ತಿರುವ ಭಿತ್ತಿಯೋ ಅಥವಾ ಎಂದೋ ಆರಿಹೋದ ಉರಿಯ ಕಲೆಯೋ ಎಂಬುದು ಎಷ್ಟೋ ವೇಳೆ ಸಂದಿಗ್ಧವಾಗಿಯೇ ಉಳಿಯುವುದು. ಈ ಭೇದ ಬರಿಯ ಪಾಂಡಿತ್ಯದ ಮಾತಲ್ಲ: ಉರಿ ಇರುವಾಗ ಅದನ್ನು ಶಮನಗೊಳಿಸುವ ಔಷಧ ಬೇಕು, ಇಕ್ಕಟ್ಟಾದ ನಾಳವನ್ನು ಬಲೂನಿನಿಂದ ಹಿಗ್ಗಿಸುವ ಕೆಲಸವನ್ನಾದರೋ ಸಾಧ್ಯವಾದಷ್ಟು ಮಟ್ಟಿಗೆ ಉರಿ ಆರಿದ ಮೇಲೆಯೇ ಕೈಗೊಳ್ಳಬೇಕು.

ಈ ರೋಗದ ಸಂಗತಿಯನ್ನು ದೂರದ ಜಪಾನಿನ ವಾರ್ತೆಯೆಂದು ನಾವು ಕೇಳಿ ಬಿಡುವಂತಿಲ್ಲ. ಜಪಾನಿನ ರೋಗಿಗಳಲ್ಲಿ ಮಹಾಪಧಮನಿಯ ಕಮಾನು ಮತ್ತು ಅದರ ಕವಲುಗಳು ಹೆಚ್ಚಾಗಿ ಕೆಡುವುದು ವಾಡಿಕೆಯಾದರೆ, ಭಾರತದ ರೋಗಿಗಳಲ್ಲಿ ಉದರದ ಮಹಾಪಧಮನಿಯೂ ಮೂತ್ರಪಿಂಡದ ಧಮನಿಗಳೂ ಹೆಚ್ಚಾಗಿ ತುತ್ತಾಗುತ್ತವೆ. ರಕ್ತ ಸಾಲದ ಮೂತ್ರಪಿಂಡವು ದೇಹದ ಒತ್ತಡವೇ ಇಳಿದಿದೆಯೆಂದು ಭ್ರಮಿಸಿ ಅದನ್ನು ಏರಿಸಲು ಹವಣಿಸುವುದರಿಂದ, ನಮ್ಮಲ್ಲಿ ಈ ವ್ಯಾಧಿ ಬಹುವೇಳೆ ಎಳೆಯ ಹೆಣ್ಣೊಬ್ಬಳ ವಿಪರೀತ ರಕ್ತದೊತ್ತಡವಾಗಿ ಪ್ರಕಟವಾಗುವುದು. ಇದರಲ್ಲಿ ಒಂದು ದಾರುಣವಾದ ಮೋಸವೂ ಅಡಗಿದೆ. ಅಳತೆಯ ಪಟ್ಟಿಯನ್ನು ಸುತ್ತಿದ ತೋಳಿನ ಧಮನಿಯೇ ಇಕ್ಕಟ್ಟಾಗಿದ್ದರೆ, ಹೃದಯವೂ ಮಿದುಳೂ ಅಪಾರವಾದ ಒತ್ತಡವನ್ನು ಹೊತ್ತಿರುವಾಗಲೂ ಉಪಕರಣವು ಒತ್ತಡ ಸಹಜವಾಗಿದೆಯೆಂದೇ ಸಾರುವುದು. ಚಿತ್ರಣದ ಯಂತ್ರವೆಷ್ಟೇ ಸಮರ್ಥವಾಗಿದ್ದರೂ, ಸಹಜವೆಂದು ಬರೆಸಿಕೊಂಡು ಮನೆಗೆ ಮರಳಿದ ರೋಗಿಯ ದಂಡೆಯನ್ನು ಅದು ನೋಡಲಾರದು.

ಆದುದರಿಂದ ಆ ಯಂತ್ರಕ್ಕೆ ರೋಗಿಯನ್ನು ತಲುಪಿಸುವ ಹೊಣೆ ಇಂದಿಗೂ ವೈದ್ಯನ ಬೆರಳುಗಳದ್ದೇ. ಬಲಗೈಯಲ್ಲಿ ಸಿಕ್ಕ ನಾಡಿಯನ್ನು ಎಡಗೈಯಲ್ಲಿಯೂ ಪಾದಗಳಲ್ಲಿಯೂ ಅರಸುವುದಕ್ಕೆ, ಒತ್ತಡವನ್ನು ಎರಡು ತೋಳುಗಳಲ್ಲಿಯೂ ಅಳೆಯುವುದಕ್ಕೆ, ಸ್ಟೆತಾಸ್ಕೋಪನ್ನು ಕತ್ತಿನ ಮೇಲೆಯೂ ಹೊಕ್ಕುಳಿನ ಬಳಿಯೂ ಇರಿಸಿ ಇಕ್ಕಟ್ಟಿನಲ್ಲಿ ಭೋರಿಡುವ ರಕ್ತದ ಸದ್ದನ್ನು ಆಲಿಸುವುದಕ್ಕೆ ಹಿಡಿಯುವುದು ಕೆಲವೇ ನಿಮಿಷ. ಓನಿಶಿ ಮತ್ತು ಕಾಗೋಶಿಮಾ ಕಣ್ಣಿನ ವೈದ್ಯರಾಗಿದ್ದೂ ರೋಗಿಯ ಕೈ ಹಿಡಿದು ನೋಡಿದವರು.