ಬೆರಳು ತೋರಿಸುವ ಮುನ್ನ ಕೈ ಹಿಡಿಯಿರಿ

ಕೆಲವು ಕಾಯಿಲೆಗಳನ್ನು ನೆಂಟರಿಷ್ಟರ ಮುಂದೆ ಹೇಳಿಕೊಳ್ಳಬಹುದು. ಮಗುವಿನ ಹೃದಯದಲ್ಲಿ ರಂಧ್ರವಿದೆ ಎಂದರೆ ಜನ ಹಣ್ಣು ಹಿಡಿದುಕೊಂಡು ನೋಡಲು ಬರುತ್ತಾರೆ. ಬಸುರಿಯಾಗಿದ್ದಾಗ ತಾಯಿ ಕುಡಿದದ್ದರಿಂದ ಮಗುವಿನ ಮಿದುಳಿಗೆ ತೊಂದರೆಯಾಗಿದೆ ಎಂದರೆ, ಬಂದವರೂ ಮಾತು ನಿಲ್ಲಿಸಿ ಎದ್ದು ಹೋಗುತ್ತಾರೆ. ಹಾಗಾಗಿ ಇಂಥ ಮನೆಗಳು ಬಾಯಿ ಬಿಡುವುದಿಲ್ಲ. ಬಾಯಿ ಬಿಡದ ಮನೆಗೆ ನೆರವು ತಲುಪುವುದೂ ಇಲ್ಲ.

ನಮ್ಮದು ಅಂಥ ಒಂದು ಮನೆ. ನನ್ನ ತಂಗಿಯ ಮಗ ಪುಟ್ಟುವಿಗೆ (ಇದು ಅವನ ನಿಜ ಹೆಸರಲ್ಲ) ಈಗ 11 ವರ್ಷ. ಮೂರು ವರ್ಷದವನಿದ್ದಾಗಿನಿಂದ ನಮ್ಮ ಮನೆಯಲ್ಲೇ ಬೆಳೆಯುತ್ತಿದ್ದಾನೆ. ನನ್ನನ್ನು ದೊಡ್ಡಮ್ಮ ಎನ್ನುತ್ತಾನೆ. ತಂಗಿಯನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. "ಇನ್ನೊಬ್ಬ ತಾಯಿಗೆ ಉಪಯೋಗ ಆಗತ್ತೆ ಅಂದ್ರೆ ಬರಿ ಅಕ್ಕ" ಎಂದಳು.

ಏನಿದು ತೊಂದರೆ?

ಗರ್ಭಿಣಿ ಕುಡಿದ ಮದ್ಯ ಅವಳ ರಕ್ತದಿಂದ ಹೊಕ್ಕುಳಬಳ್ಳಿಯ ಮೂಲಕ ಮಗುವನ್ನು ತಲುಪುತ್ತದೆ. ಅದನ್ನು ಅರಗಿಸುವ ಶಕ್ತಿ ಆ ಎಳೆಯ ಯಕೃತ್ತಿಗೆ ಇರುವುದಿಲ್ಲ. ಬೆಳೆಯುತ್ತಿರುವ ಮಿದುಳಿಗೆ ಪೆಟ್ಟು ಬೀಳುತ್ತದೆ. ಹೀಗೆ ಹುಟ್ಟುವ ತೊಂದರೆಗಳಿಗೆಲ್ಲ ಸೇರಿಸಿ 'ಫೀಟಲ್ ಆಲ್ಕೋಹಾಲ್ ಸ್ಪೆಕ್ಟ್ರಮ್ ಡಿಸಾರ್ಡರ್', ಚಿಕ್ಕದಾಗಿ ಎಫ್‌ಎಎಸ್‌ಡಿ ಎನ್ನುತ್ತಾರೆ. 1968ರಲ್ಲಿ ಫ್ರಾನ್ಸ್‌ನ ವೈದ್ಯ ಪಾಲ್ ಲೆಮ್ವಾನ್ 127 ಮಕ್ಕಳನ್ನು ನೋಡಿ ಇದರ ಬಗ್ಗೆ ಬರೆದರು. 1973ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಕೆನ್ನೆತ್ ಜೋನ್ಸ್ ಮತ್ತು ಡೇವಿಡ್ ಸ್ಮಿತ್ 'ಫೀಟಲ್ ಆಲ್ಕೋಹಾಲ್ ಸಿಂಡ್ರೋಮ್' ಎಂಬ ಹೆಸರು ಕೊಟ್ಟರು.

ಕೆಲವು ಮಕ್ಕಳ ಮುಖದಲ್ಲೇ ಗುರುತು ಇರುತ್ತದೆ: ಕಿರಿದಾದ ಕಣ್ಣು, ತೆಳುವಾದ ಮೇಲ್ದುಟಿ, ಮೂಗು ಮತ್ತು ತುಟಿಯ ನಡುವಿನ ಗೆರೆ ಅಳಿಸಿದಂತೆ ನುಣುಪಾಗಿರುವುದು. ಆದರೆ ಹೆಚ್ಚಿನ ಮಕ್ಕಳು ನೋಡಲು ಎಲ್ಲರಂತೆಯೇ ಇರುತ್ತಾರೆ. ನಮ್ಮ ಪುಟ್ಟುವೂ ಹಾಗೆಯೇ. ಕಷ್ಟ ಇರುವುದೂ ಇಲ್ಲೇ. ರಾತ್ರಿ ನಾಲ್ಕರ ಮಗ್ಗಿ ಪಟಪಟನೆ ಒಪ್ಪಿಸಿದ ಹುಡುಗ ಬೆಳಿಗ್ಗೆ ಒಂದೂ ನೆನಪಿಲ್ಲದೆ ಕಣ್ಣು ಕಣ್ಣು ಬಿಡುತ್ತಾನೆ. ಪಕ್ಕದವನ ಕಂಪಾಸ್ ಬಾಕ್ಸ್ ಚೀಲಕ್ಕೆ ಹಾಕಿಕೊಂಡು, "ಅದು ಅಲ್ಲೇ ಇತ್ತು, ತಗೊಂಡೆ" ಎನ್ನುತ್ತಾನೆ. ಮೊದಲು ಸೇರಿಸಿದ್ದ ಶಾಲೆಯಲ್ಲಿ ಇದಕ್ಕೆಲ್ಲ 'ಬೇಕಂತಲೇ ಮಾಡುತ್ತಾನೆ' ಎಂದು ಮಂಡಿಯೂರಿಸಿ ನಿಲ್ಲಿಸುತ್ತಿದ್ದರು. ಒಬ್ಬ ವೈದ್ಯರು ಹಟಮಾರಿ ಎಂದರು. ಇನ್ನೊಬ್ಬರು ಮುದ್ದು ಜಾಸ್ತಿಯಾಯಿತು ಎಂದರು.

ಉತ್ತರ ತಂದ ಪ್ರಶ್ನೆ

ಎಫ್‌ಎಎಸ್‌ಡಿ ಇದೆ ಎಂದು ಖಚಿತವಾಗಿ ಹೇಳುವ ರಕ್ತಪರೀಕ್ಷೆ ಇಲ್ಲ, ಸ್ಕ್ಯಾನ್ ಇಲ್ಲ. ಮಗುವಿನ ಬೆಳವಣಿಗೆ, ನೆನಪು, ನಡವಳಿಕೆಗಳನ್ನು ಪರೀಕ್ಷಿಸಬೇಕು. ಅದರ ಜೊತೆಗೆ ಬಸುರಿನ ದಿನಗಳಲ್ಲಿ ಏನಾಯಿತು ಎಂಬುದನ್ನು ತಾಯಿ ಹೇಳಬೇಕು. ಅವಳು ಹೇಳುವುದು, ಬಿಡುವುದು ನಾವು ಕೇಳುವ ರೀತಿಯ ಮೇಲಿದೆ.

ಪುಟ್ಟುವಿಗೆ ಏಳು ವರ್ಷವಾದಾಗ ನೋಡಿದ ವೈದ್ಯೆಯೊಬ್ಬರು ನಮ್ಮನ್ನೆಲ್ಲ ಹೊರಗೆ ಕೂರಿಸಿ ತಂಗಿಯೊಬ್ಬಳ ಜೊತೆ ಮಾತಾಡಿದರು. ಅವರು ಹೇಳಿದ್ದು ಇಷ್ಟು ಎಂದು ಆಮೇಲೆ ಅವಳೇ ನನಗೆ ತಿಳಿಸಿದಳು: "ತಪ್ಪು ಯಾರದು ಅಂತ ಹುಡುಕೋಕೆ ಕೇಳ್ತಿಲ್ಲಮ್ಮ, ಮಗುವಿಗೆ ದಾರಿ ಹುಡುಕೋಕೆ ಕೇಳ್ತಿದೀನಿ." ಏಳು ವರ್ಷ ಯಾರಿಗೂ ಹೇಳದ ಮಾತು ಅಂದು ಹೊರಬಂತು. ಗಂಡನ ಹೊಡೆತದ ನೋವು ಮರೆಯಲು ಶುರುವಾದ ಕುಡಿತ. ಬಸುರಿ ಎಂದು ಗೊತ್ತಾಗುವ ಹೊತ್ತಿಗೆ ಮೂರು ತಿಂಗಳು ಕಳೆದಿತ್ತು. ಗೊತ್ತಾದ ಮೇಲೂ ಬಿಡಲು ಆಗಲಿಲ್ಲ.

ಬದಲಾಗಬೇಕಾದದ್ದು ಮನೆ

ಎಫ್‌ಎಎಸ್‌ಡಿಯನ್ನು ವಾಸಿ ಮಾಡುವ ಮಾತ್ರೆ ಇಲ್ಲ. ಆದರೆ ಬೇಗ ಗುರುತಿಸಿದರೆ, ಹೊಡೆತ ಬಡಿತವಿಲ್ಲದ ಸ್ಥಿರವಾದ ಮನೆ ಸಿಕ್ಕರೆ ಮಕ್ಕಳು ಎಷ್ಟೋ ಚೆನ್ನಾಗಿ ಬೆಳೆಯುತ್ತಾರೆ. 'ಮಾಡುವುದಿಲ್ಲ' ಎನ್ನುವುದನ್ನು 'ಮಾಡಲು ಆಗುವುದಿಲ್ಲ' ಎಂದು ನೋಡಲು ನಮಗೆ ಚಿಕಿತ್ಸಕರು ಕಲಿಸಿದರು.

ಹಲ್ಲುಜ್ಜುವುದರಿಂದ ಚೀಲ ಹೆಗಲಿಗೇರಿಸುವವರೆಗೆ ಬೆಳಗಿನ ಕೆಲಸಗಳ ಚಿತ್ರ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿದೆವು. "ಬೇಗ ಸ್ನಾನ ಮಾಡಿ, ಬಟ್ಟೆ ಹಾಕ್ಕೊಂಡು ತಿಂಡಿಗೆ ಬಾ" ಎಂದು ಒಟ್ಟಿಗೆ ಹೇಳುವುದನ್ನು ನಿಲ್ಲಿಸಿ, ಒಂದು ಸಲಕ್ಕೆ ಒಂದೇ ಮಾತು ಹೇಳತೊಡಗಿದೆವು. ನಿನ್ನೆಯ ತಪ್ಪಿಗೆ ಇಂದು ಶಿಕ್ಷೆ ಕೊಟ್ಟರೆ ಅವನಿಗೆ ಎರಡರ ಸಂಬಂಧ ಹೊಳೆಯುವುದಿಲ್ಲ, ಅದನ್ನೂ ಬಿಟ್ಟೆವು. ಮದುವೆಮನೆಯ ಗದ್ದಲದಲ್ಲಿ ಅವನು ಕಿವಿ ಮುಚ್ಚಿಕೊಂಡರೆ ನನ್ನ ಯಜಮಾನರು ಹೊರಗೆ ಕರೆದುಕೊಂಡು ಹೋಗುತ್ತಾರೆ. ಈಗಿನ ಶಾಲೆಯ ಮೇಡಂ ಅವನನ್ನು ಮುಂದಿನ ಬೆಂಚಿನಲ್ಲಿ ಕೂರಿಸಿ, ಲೆಕ್ಕಗಳನ್ನು ಒಂದೊಂದಾಗಿ ಕೊಡುತ್ತಾರೆ. ಮಗ್ಗಿ ಇಂದಿಗೂ ಮರೆಯುತ್ತಾನೆ. ಆದರೆ ಶಾಲೆಗೆ ಹೋಗಲು ಅಳುವುದಿಲ್ಲ. ಓಣಿಯ ನಾಯಿಗಳಿಗೆಲ್ಲ ಅವನೇ ಯಜಮಾನ.

ಎಫ್‌ಎಎಸ್‌ಡಿ ಮಕ್ಕಳ ಪೋಷಕರದೇ ಗುಂಪು ನಮ್ಮ ಊರಿನಲ್ಲಿ ಸಿಗಲಿಲ್ಲ. ಥೆರಪಿ ಕೋಣೆಯ ಹೊರಗಿನ ಬೆಂಚಿನಲ್ಲಿ ಕಾಯುತ್ತಿದ್ದ ಆಟಿಸಂ, ಕಲಿಕಾ ನ್ಯೂನತೆಯ ಮಕ್ಕಳ ತಾಯಂದಿರೇ ನಮ್ಮ ಗುಂಪಾದರು. ಕಾಯಿಲೆಯ ಹೆಸರು ಬೇರೆ, ಪಾಡು ಒಂದೇ. ಯಾವ ಕಚೇರಿಗೆ ಯಾವ ಕಾಗದ ಒಯ್ಯಬೇಕೆಂದು ತಿಳಿದದ್ದೂ ಆ ಬೆಂಚಿನಲ್ಲೇ.

ತಾಯಿಗೂ ನೆರವು ಬೇಕು

ಸಿಯಾಟಲ್‌ನಲ್ಲಿ 1991ರಲ್ಲಿ ಒಂದು ಯೋಜನೆ ಶುರುವಾಯಿತು. ಕುಡಿತ, ಮಾದಕ ವಸ್ತುಗಳ ಚಟವಿರುವ ಗರ್ಭಿಣಿಯರು ಮತ್ತು ಬಾಣಂತಿಯರ ಮನೆಗೆ ಕಾರ್ಯಕರ್ತೆಯರು ಮೂರು ವರ್ಷಗಳವರೆಗೆ ಬಂದು ಹೋಗುತ್ತಾರೆ. ಚಿಕಿತ್ಸೆ, ವಸತಿ, ಕೆಲಸ ಎಲ್ಲಕ್ಕೂ ಜೊತೆ ನಿಲ್ಲುತ್ತಾರೆ. ತಾಯಿ ಚೇತರಿಸಿಕೊಂಡರೆ ಮುಂದಿನ ಮಗುವೂ ಉಳಿಯುತ್ತದೆ ಎಂಬುದು ಅದರ ಹಿಂದಿನ ವಿಚಾರ.

ನನ್ನ ತಂಗಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದು, ಆಲ್ಕೋಹಾಲಿಕ್ಸ್ ಅನಾನಿಮಸ್ ಸಭೆಗಳಿಗೆ ಹೋಗುತ್ತಾ ಕುಡಿತ ಬಿಟ್ಟು ನಾಲ್ಕು ವರ್ಷವಾಯಿತು. ಟೈಲರಿಂಗ್ ಮಾಡುತ್ತಾಳೆ. ಪ್ರತಿ ಶನಿವಾರ ಸಂಜೆ ಬಸ್ಸಿಳಿದು ಮಗನ ಬಳಿ ಬರುತ್ತಾಳೆ. ನೆಂಟರ ಮನೆಯ ನಾಮಕರಣದಲ್ಲಿ ಒಬ್ಬರು, "ತಾಯಿ ಮಾಡಿದ್ದನ್ನು ಮಗು ಅನುಭವಿಸ್ತಿದೆ" ಎಂದರು. ನಾನು, "ಇಬ್ಬರೂ ಅನುಭವಿಸ್ತಿದಾರೆ, ನೀವೊಂದು ಭಾನುವಾರ ಬಂದು ಎರಡು ಗಂಟೆ ಹುಡುಗನ್ನ ನೋಡ್ಕೊಳ್ಳಿ" ಎಂದೆ. ಅವರು ಬರಲಿಲ್ಲ. ಆ ಮಾತು ಕೇಳಿಸಿಕೊಂಡ ಅವರ ಸೊಸೆ ಬಂದಳು, ಈಗಲೂ ಬರುತ್ತಾಳೆ.

ಗರ್ಭಿಣಿಯರಿಗೆ ಸುರಕ್ಷಿತ ಎನ್ನುವ ಮದ್ಯದ ಪ್ರಮಾಣ ಯಾವುದೂ ಇಲ್ಲ. ಚಳಿಗೆ ಕೊಡುವ ಒಂದು ಗುಟುಕು ಬ್ರಾಂದಿಯೂ ಬೇಡ, ಪಾರ್ಟಿಯ ವೈನೂ ಬೇಡ. ಈಗಾಗಲೇ ಕುಡಿದಿದ್ದರೆ, ಬಸುರಿನ ಯಾವ ತಿಂಗಳಲ್ಲಿ ನಿಲ್ಲಿಸಿದರೂ ಮಗುವಿಗೆ ಒಳ್ಳೆಯದೇ. ಆದರೆ ದಿನವೂ ಕುಡಿಯುವ ಅಭ್ಯಾಸವಿದ್ದವರು ದಿಢೀರನೆ ಬಿಟ್ಟರೆ ಫಿಟ್ಸ್ ಬರಬಹುದು. ಬಿಡುವ ಮೊದಲು ವೈದ್ಯರನ್ನು ಕಾಣಬೇಕು.

ಎಲ್ಲಿ ಕೇಳಬೇಕು?

* ಅಂಗನವಾಡಿ ಮತ್ತು ಸರ್ಕಾರಿ ಶಾಲೆಗಳಿಗೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಬರುತ್ತದೆ. ಅನುಮಾನವಿದ್ದರೆ ಅವರಿಗೆ ಹೇಳಿ. ಅಲ್ಲಿಂದ ಜಿಲ್ಲಾ ಮಟ್ಟದ ಶೀಘ್ರ ಪತ್ತೆ ಕೇಂದ್ರಕ್ಕೆ ಕಳಿಸುತ್ತಾರೆ.

* ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯ ವಿಭಾಗವೂ ಇದೆ, ವ್ಯಸನ ಚಿಕಿತ್ಸಾ ಕೇಂದ್ರವೂ ಇದೆ. ಮಾತು ತಡವಾದ ಮಕ್ಕಳನ್ನು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ತೋರಿಸಬಹುದು.

* 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ನ್ಯೂನತೆಗಳಲ್ಲಿ ಎಫ್‌ಎಎಸ್‌ಡಿಯ ಹೆಸರಿಲ್ಲ. ಬೌದ್ಧಿಕ ನ್ಯೂನತೆ, ಕಲಿಕಾ ನ್ಯೂನತೆ ಅದರಲ್ಲಿವೆ. ಪರೀಕ್ಷೆಯಲ್ಲಿ ಮಗುವಿಗೆ ಇವು ಕಂಡುಬಂದರೆ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಿ.

* ಮನಸ್ಸು ಕುಸಿದಾಗ ಟೆಲಿ-ಮಾನಸ್ 14416, ಕುಡಿತ ಬಿಡಲು 14446, ಮಗು ಅಪಾಯದಲ್ಲಿದ್ದರೆ 1098. ಮೂರಕ್ಕೂ ಕರೆ ಉಚಿತ.

ಗರ್ಭದ ಒಂಬತ್ತು ತಿಂಗಳ ನೆನಪಿಗೆ ಒಂಬತ್ತನೆಯ ತಿಂಗಳ ಒಂಬತ್ತನೆಯ ದಿನ, ಅಂದರೆ ಸೆಪ್ಟೆಂಬರ್ 9ನ್ನು 1999ರಿಂದ ಎಫ್‌ಎಎಸ್‌ಡಿ ಜಾಗೃತಿ ದಿನವಾಗಿ ಹಲವು ದೇಶಗಳಲ್ಲಿ ಆಚರಿಸುತ್ತಾರೆ. ನಿಮ್ಮ ಓಣಿಯಲ್ಲೂ ಇಂಥ ಮನೆ ಇದ್ದೀತು. ಆ ದಿನಕ್ಕಾಗಿ ಕಾಯಬೇಡಿ. 'ಯಾಕೆ ಹೀಗಾಯ್ತು' ಎಂದು ಕೇಳುವ ಬದಲು 'ನಾನೇನು ಮಾಡಲಿ' ಎಂದು ಕೇಳಿ ನೋಡಿ. ಅವರು ಬಾಗಿಲು ತೆರೆಯುತ್ತಾರೆ.